ನೀರು ತಾಗುವ ಗೆರೆ

ಪ್ರೀತಿಯ ಪುಟ್ಟಿ,

ಫಿಲಡೆಲ್ಫಿಯಾದಲ್ಲಿ ಒಂದು ದಿನ ಬಿಡುವಿದೆ ಎಂದೆಯಲ್ಲ, ಲಿಬರ್ಟಿ ಬೆಲ್ ಬೆಳಿಗ್ಗೆಯೇ ಮುಗಿಸಿಬಿಡು. ಆಮೇಲೆ ಪೂರ್ವಕ್ಕೆ, ನದಿಯ ಕಡೆಗೆ ನಡೆ. ಬೀದಿಗಳ ಸಂಖ್ಯೆ ಇಳಿಯುತ್ತಾ ಬಂದರೆ ದಾರಿ ಸರಿ. ಒಂದನೇ ಬೀದಿ ಎಂದು ಹುಡುಕಬೇಡ, ಅದರ ಹೆಸರು ಫ್ರಂಟ್ ಸ್ಟ್ರೀಟ್. ಅಲ್ಲಿಂದ ಹೆದ್ದಾರಿ ದಾಟಿದರೆ ಪೆನ್ಸ್ ಲ್ಯಾಂಡಿಂಗ್. (1682ರಲ್ಲಿ ಈ ಊರು ಕಟ್ಟಿಸಿದ ವಿಲಿಯಂ ಪೆನ್ ಮೊದಲು ಕಾಲಿಟ್ಟಿದ್ದು ಇಲ್ಲಲ್ಲ, ನದಿ ಹರಿದುಹೋಗುವ ದಿಕ್ಕಿನಲ್ಲಿ ಇನ್ನೂ ಮುಂದಿರುವ ನ್ಯೂ ಕ್ಯಾಸಲ್‌ನಲ್ಲಿ. ಹೆಸರಿಗೇನು, ಇಟ್ಟವರದ್ದು!)

ಅಲ್ಲಿ ಕಟ್ಟಿ ನಿಲ್ಲಿಸಿರುವ ಒಲಿಂಪಿಯಾ 1892ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೀರಿಗಿಳಿದ ಕ್ರೂಸರ್ ಯುದ್ಧನೌಕೆ. 1898ರ ಮೇ 1ರಂದು ಮನಿಲಾ ಕೊಲ್ಲಿಯಲ್ಲಿ ಅಮೆರಿಕದ ನೌಕಾಪಡೆಯ ಡ್ಯೂಯಿ ಸ್ಪೇನಿನ ಹಡಗುಗಳನ್ನು ಮುಗಿಸಿದ್ದು ಇದರ ಮೇಲೆ ನಿಂತೇ. ಇನ್ನೂ ತೇಲುತ್ತಿರುವ ಅಮೆರಿಕದ ಉಕ್ಕಿನ ಯುದ್ಧನೌಕೆಗಳಲ್ಲಿ ಇದೇ ಹಳೆಯದು.

ಹತ್ತುವ ಮೊದಲು ಕಟ್ಟೆಯ ಮೇಲೆ ನಿಂತು ನೀರು ತಾಗುವ ಗೆರೆ ನೋಡು. ಸಮುದ್ರ ಅಷ್ಟು ದೂರವಿದ್ದರೂ ಇಲ್ಲಿ ನದಿ ದಿನಕ್ಕೆರಡು ಸಲ ಸುಮಾರು 6 ಅಡಿ ಏರಿ ಇಳಿಯುತ್ತದೆ. ಹಡಗೂ ಜೊತೆಗೇ ಏರಿಳಿಯುವುದರಿಂದ ಆ ಗೆರೆ ಮಾತ್ರ ಕದಲುವುದಿಲ್ಲ. ನೀರು, ಗಾಳಿ ಎರಡೂ ಒಟ್ಟಿಗೆ ಸಿಗುವ ಅದೊಂದೇ ಪಟ್ಟಿಯನ್ನು ತುಕ್ಕು ದಶಕಗಟ್ಟಲೆ ತಿನ್ನುತ್ತಾ ಬಂದಿದೆ, ತಗಡು ತೆಳುವಾಗಿದೆ. ಕಾರವಾರದ ಚಪಲ್ ಯುದ್ಧನೌಕೆ ದಡದ ಮೇಲಿರುವುದರಿಂದ ಅದಕ್ಕೆ ಈ ಕಾಟವಿಲ್ಲ. ನೀರು ಖಾಲಿ ಮಾಡಿ ಹಡಗಿನ ತಳ ದುರಸ್ತಿ ಮಾಡುವ ಡ್ರೈಡಾಕನ್ನು ಒಲಿಂಪಿಯಾ ಕಂಡಿದ್ದು 1945ರಲ್ಲಿ, ಅದೇ ಕೊನೆ. ನೀರಿನಲ್ಲಿಟ್ಟೇ ತೇಪೆ ಹಾಕಿದರೆ ದಿನ ದೂಡಬಹುದು, ತಳ ವಾಸಿಯಾಗುವುದಿಲ್ಲ.

ಸರಿಯಾದ ಚಿಕಿತ್ಸೆ ಹೇಗಿರುತ್ತದೆಂದು ನೋಡಬೇಕಾದರೆ ಎದುರು ದಡದ ಕ್ಯಾಮ್ಡೆನ್‌ಗೆ ಹೋಗು. ಅಲ್ಲಿರುವ 887 ಅಡಿಯ ನ್ಯೂಜೆರ್ಸಿ ಎಂಬ ಯುದ್ಧನೌಕೆಯನ್ನು 2024ರಲ್ಲಿ, ಅದು ಹುಟ್ಟಿದ ಫಿಲಡೆಲ್ಫಿಯಾ ನೇವಿ ಯಾರ್ಡ್‌ಗೇ ಎಳೆದುಕೊಂಡು ಹೋದರು. ಡಾಕಿನೊಳಗೆ ತೇಲಿಸಿ, ಬಾಗಿಲು ಮುಚ್ಚಿ, ನೀರು ಹೊರಹಾಕಿ, ತಳ ತೊಳೆದು ಬಣ್ಣ ಬಳಿದರು. ಹಡಗಿನ ಬದಲು ತಾವೇ ಸವೆಯಲೆಂದು ತಳಕ್ಕೆ ಕೂರಿಸುವ ಸತುವಿನ ಗಟ್ಟಿಗಳನ್ನು ತೆಗೆದು ಅಲ್ಯೂಮಿನಿಯಂ ಹಾಕಿದರು. ಉಪ್ಪು ಕಡಿಮೆಯಿರುವ ನೀರಿನಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ.

ಬೇಸಿಗೆಯಾದರೆ ದೋಣಿಯಲ್ಲಿ ದಾಟಬಹುದು. ಆದರೂ ಬೆಂಜಮಿನ್ ಫ್ರಾಂಕ್ಲಿನ್ ಸೇತುವೆಯ ಕಾಲುದಾರಿಯೇ ನನ್ನ ಆಯ್ಕೆ. 1926ರಲ್ಲಿ ತೆರೆದಾಗ ಅದರ 1,750 ಅಡಿಯ ನಡುಹರವು ತೂಗುಸೇತುವೆಗಳಲ್ಲೇ ಜಗತ್ತಿಗೆ ದೊಡ್ಡದು. ಮೇಲೆ ಗಾಳಿ ಜೋರು, ಟೋಪಿ ಹಾರುತ್ತದೆ.

ಒಲಿಂಪಿಯಾ ಪಕ್ಕದಲ್ಲೇ ಜಲಾಂತರ್ಗಾಮಿ ಬೆಕುನಾ ಇದೆ. ಅದಕ್ಕೆ ದೊಡ್ಡ ಬ್ಯಾಗ್ ಬೇಡ, ರಬ್ಬರ್ ಅಟ್ಟೆಯ ಶೂ ಇರಲಿ. ಬಾಗಿಲ ಹೊಸ್ತಿಲು ಎತ್ತರ, ಮೇಲಂಚು ತಗ್ಗು. ಮೊದಲು ಕಾಲು ದಾಟಿಸಿ ಆಮೇಲೆ ತಲೆ ತಗ್ಗಿಸು. ಅವಸರ ಮಾಡಿದರೆ ಹಣೆ ಬಡಿಯುತ್ತದೆ. ಹಡಗಿನ ಕಡಿದಾದ ಮೆಟ್ಟಿಲು ಇಳಿಯುವಾಗ ಮುಖ ಮೆಟ್ಟಿಲ ಕಡೆಗಿರಲಿ.

1904ರ ಹಾಯಿಹಡಗು ಮೊಶುಲು ಈಗ ಹೋಟೆಲು. ಊಟ ದುಬಾರಿ, ಹಾಯಿ ಕಟ್ಟುವ ನಾಲ್ಕು ಕಂಬ ನೋಡಿ ಬಂದರೆ ಸಾಕು. ದಕ್ಷಿಣಕ್ಕೆ 82ನೇ ಪಿಯರ್‌ನಲ್ಲಿ 1996ರಿಂದ ತುಕ್ಕು ಹಿಡಿಯುತ್ತಿದ್ದ 990 ಅಡಿಯ ಯುನೈಟೆಡ್ ಸ್ಟೇಟ್ಸ್ ಎಂಬ ಪ್ರಯಾಣಿಕ ಹಡಗನ್ನು ಹುಡುಕಿಕೊಂಡು ಹೋಗಬೇಡ. ಫ್ಲಾರಿಡಾ ಕಡಲಲ್ಲಿ ಮುಳುಗಿಸಿ ಮೀನುಗಳಿಗೆ ಮನೆ ಮಾಡಲೆಂದು 2025ರ ಫೆಬ್ರವರಿಯಲ್ಲಿ ಎಳೆದೊಯ್ದರು.

ನಿನ್ನ
ಅಪ್ಪ