ಭಾನುವಾರ ಸ್ಮಾರ್ಟ್‌ವಾಚ್ ಕಟ್ಟಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 7ಕ್ಕೆ, ವಾಕಿಂಗ್ ಮುಗಿದ ಮೇಲೆ ಕುಂದವಾಡ ಕೆರೆ ಹತ್ತಿರ ಸ್ವಲ್ಪ ಹೊತ್ತು ಕೂತು, ವಾಚಿನಲ್ಲಿ ಎದೆಬಡಿತ ನೋಡುವುದು ಹೇಗೆ ಅಂತ ತಿಳಿಯೋಣ. ಸ್ಮಾರ್ಟ್‌ವಾಚ್ ಇರುವ ಹಿರಿಯರೆಲ್ಲ ಬನ್ನಿ. ವಾಚ್ ಚಾರ್ಜ್ ಆಗಿರಲಿ, ಮೊಬೈಲೂ ತನ್ನಿ.

ಅಲ್ಲಿಯವರೆಗೆ ಇಷ್ಟು ನೆನಪಿರಲಿ. ವಾಚಿನ ಪಟ್ಟಿ ಸಡಿಲ ಇದ್ದರೆ ಎದೆಬಡಿತದ ಲೆಕ್ಕ ತಪ್ಪುತ್ತದೆ. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ ಕಟ್ಟಿ, ಐದು ನಿಮಿಷ ಸುಮ್ನೆ ಕೂತು ಆಮೇಲೆ ನೋಡಿ. ನಿಮಿಷಕ್ಕೆ 60ರಿಂದ 100 ಬಡಿತ ಸಾಮಾನ್ಯ. ನಡೆಯುವಾಗ ಜಾಸ್ತಿ ಆಗುತ್ತೆ, ಗಾಬರಿ ಬೇಡ. ಬೀಟಾ ಬ್ಲಾಕರ್ (ಎದೆಬಡಿತ ನಿಧಾನ ಮಾಡುವ) ಮಾತ್ರೆ ತಗೊಳ್ಳುವವರಿಗೆ 60ಕ್ಕಿಂತ ಕಡಿಮೆ ಬರಬಹುದು. ದಯವಿಟ್ಟು ವಾಚ್ ನೋಡಿ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಎದೆನೋವು, ಉಸಿರಾಟಕ್ಕೆ ಕಷ್ಟ ಆದರೆ ವಾಚ್ ಏನೇ ತೋರಿಸಲಿ, ತಕ್ಷಣ 108ಕ್ಕೆ ಫೋನ್ ಮಾಡಿ.

ಬರುವವರು ವಾಚಿನ ಕಂಪನಿ ಹೆಸರು ಬರೆದು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.