ಭಾನುವಾರದ ಮಾತುಕತೆ: ರೋಮಿಗೆ ಹೋದ ಪರ್ಷಿಯಾದ ಮಿತ್ರ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ನಮ್ಮ ವಿಷಯ ಮಿತ್ರಾಸ್ ಎಂಬ ರೋಮನ್ ದೇವರು. ಋಗ್ವೇದದ ಮಿತ್ರನಿಗೂ ಇರಾನಿನ ಮಿಥ್ರನಿಗೂ ಮೂಲ ಒಂದೇ. ಇಬ್ಬರೂ ಕೊಟ್ಟ ಮಾತು ಕಾಯುವ ದೇವರು. ಆ ಹೆಸರೇ ಮಿತ್ರಾಸ್ ಆಗಿ ಕ್ರಿ.ಶ. 1ನೇ ಶತಮಾನದ ಹೊತ್ತಿಗೆ ರೋಮನ್ ಸಾಮ್ರಾಜ್ಯಕ್ಕೆ ಬಂತು. ಸೈನಿಕರು, ವ್ಯಾಪಾರಿಗಳು, ಗುಲಾಮರು ಅವನನ್ನು ದೂರ ದೂರಕ್ಕೆ ಒಯ್ದರು. ಬ್ರಿಟನ್ನಿನಲ್ಲಿ ರೋಮನ್ನರು ಗಡಿಗೆ ಕಟ್ಟಿದ ಹೇಡ್ರಿಯನ್ ಗೋಡೆಯ ಹತ್ತಿರವೂ ಅವನ ಗುಡಿ ಸಿಕ್ಕಿದೆ.

ಕೆಳಗಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಪರ್ಷಿಯನ್ ಟೋಪಿ ತೊಟ್ಟ ಮಿತ್ರಾಸ್ ಗೂಳಿಯ ಬೆನ್ನಿಗೆ ಮೊಣಕಾಲು ಊರಿ ಕತ್ತಿ ಇಳಿಸುತ್ತಿದ್ದಾನೆ. ನಾಯಿ, ಹಾವು ರಕ್ತದ ಕಡೆ ಚಾಚಿವೆ. ಕೆಳಗೊಂದು ಚೇಳೂ ಇದೆ. ಆದರೆ ಇರಾನಿನ ಹಳೆಯ ಗ್ರಂಥಗಳಲ್ಲಿ ಮಿಥ್ರ ಗೂಳಿ ಕೊಲ್ಲುವ ಕಥೆಯೇ ಇಲ್ಲ! ಅಂದರೆ ರೋಮನ್ನರು ಸುಮ್ನೆ ಎರವಲು ತರಲಿಲ್ಲ, ತಮ್ಮದೇ ದೇವರನ್ನು ಕಟ್ಟಿಕೊಂಡರು. ನನಗೆ ಅತಿ ಮುಖ್ಯ ಅನಿಸುವುದು ಇದೇ.

ನನ್ನ ಮೈ ಜುಮ್ಮೆನಿಸಿದ್ದು ಇನ್ನೊಂದು. ರೋಮಿನ ಸಾಂತಾ ಪ್ರಿಸ್ಕಾ ಚರ್ಚಿನ ಅಡಿಯಲ್ಲಿರುವ ಮಿತ್ರಾಸನ ಗುಡಿಯ ಗೋಡೆಯಲ್ಲಿ, ಲ್ಯಾಟಿನ್ ಸಾಲುಗಳ ನಡುವೆ, ‘ನಾಮ’ ಎಂಬ ಪರ್ಷಿಯನ್ ಪದವಿದೆ. ವಂದನೆ ಅಂತ ಅರ್ಥ. ನಮ್ಮ ‘ನಮಃ’ದ ನೆಂಟ, ಅಲ್ವಾ?

ಒಂದು ವಿನಂತಿ. ‘ಮಿತ್ರಾಸ್ ಹುಟ್ಟಿದ್ದು ಡಿಸೆಂಬರ್ 25ಕ್ಕೆ’ ಎಂಬ ಫಾರ್ವರ್ಡ್ ದಯವಿಟ್ಟು ಹಾಕಬೇಡಿ. ಅದಕ್ಕೆ ಗಟ್ಟಿ ಆಧಾರವಿಲ್ಲ. ಆ ದಿನ ರೋಮಿನ ಸೂರ್ಯದೇವರಿಗೆ ಸೇರಿದ್ದು.

ಪ್ರಶ್ನೆಗಳಿದ್ದರೆ ಶನಿವಾರದೊಳಗೆ ಇಲ್ಲೇ ಬರೆಯಿರಿ.