ಕೈಯಿಂದ ಕೈಗೆ ದಾಟುವ ಕೆಲಸ

ಚಿರಂಜೀವಿಗೆ ಸೋದರತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನಿನ್ನ ಹೆಂಡತಿಗೆ ಆರು ತಿಂಗಳ ಮಟ್ಟಿಗೆ ಹೊರದೇಶದ ಕೆಲಸಕ್ಕೆ ಕರೆ ಬಂದಿರುವುದೂ, ಅಷ್ಟು ದಿನ ಮಗುವನ್ನು ನೋಡಿಕೊಳ್ಳಲು ಬಂದಿರುವಂತೆ ನಿನ್ನ ತಾಯಿಗೆ ನಾನು ಹೇಳಬೇಕೆಂದು ನೀನು ಬಯಸಿರುವುದೂ ತಿಳಿಯಿತು. 'ಮನೆಗೆಲಸದಲ್ಲಿ ಅವಳಿಗೆ ಕೈಲಾದಷ್ಟು ಸಹಾಯ ಮಾಡುತ್ತಲೇ ಇದ್ದೇನೆ' ಎಂದು ಬರೆದಿದ್ದೀಯಲ್ಲ, ಆ 'ಸಹಾಯ' ಎಂಬ ಮಾತಿನ ಬಳಿ ನಾನು ಓದುವುದನ್ನು ನಿಲ್ಲಿಸಿದೆ. ಕೆಲಸ ತನ್ನದಲ್ಲ ಎಂದುಕೊಂಡವನು ತಾನೇ ಸಹಾಯ ಮಾಡುವುದು?

ನಿಮ್ಮ ಕಾಲದ ಮನೆಗಳು ಶಾಂತವಾಗಿದ್ದವು ಎಂದೂ ಬರೆದಿದ್ದೀಯ. ನಾನು ನೌಕರಿಗೆ ಸೇರಿದಾಗ ಸಂಬಳವನ್ನು ಲಕೋಟೆಯಲ್ಲಿಟ್ಟು ಕೊಡುತ್ತಿದ್ದರು. ರಿಜಿಸ್ಟರಿನಲ್ಲಿ ಸಹಿ ನನ್ನದು, ಲಕೋಟೆ ಒಡೆಯುವ ಕೈ ಮಾತ್ರ ಮನೆಯಲ್ಲಿರುತ್ತಿತ್ತು. ಲೆಕ್ಕ ಕೇಳುವ ಧೈರ್ಯ ನನಗಿರಲಿಲ್ಲವಾದ್ದರಿಂದ ಮನೆ ಶಾಂತವಾಗಿತ್ತು, ಅಷ್ಟೆ. ನಿನ್ನ ಹೆಂಡತಿಯ ಸಂಬಳ ಅವಳ ಖಾತೆಗೇ ಬಂದು ಬೀಳುತ್ತದೆ; ಇದನ್ನು ಸಣ್ಣ ಬದಲಾವಣೆಯೆಂದು ತಿಳಿಯಬೇಡ.

ಹಾಗೆಂದು, ಅವಳಿಗೆ ಇಂಥ ಕೆಲಸ ತಂದುಕೊಟ್ಟ ಜಾಗತೀಕರಣವು ಹೆಂಗಸರ ಮೇಲಿನ ಕರುಣೆಯಿಂದ ಬಂದದ್ದೇನೂ ಅಲ್ಲ. 1965ರಲ್ಲಿ ಮೆಕ್ಸಿಕೋ ದೇಶವು ಅಮೆರಿಕದ ಗಡಿಯುದ್ದಕ್ಕೂ ಬಿಡಿಭಾಗ ಜೋಡಿಸುವ ಕಾರ್ಖಾನೆಗಳಿಗೆ ಬಾಗಿಲು ತೆರೆದಾಗ ಅವು ಆರಿಸಿಕೊಂಡದ್ದು ಬಹುಪಾಲು ಎಳೆಯ ಹೆಣ್ಣುಮಕ್ಕಳನ್ನು: ಇವರ ಬೆರಳು ಚುರುಕು, ಕಡಿಮೆ ಕೂಲಿಗೆ ಒಪ್ಪುತ್ತಾರೆ, ಎದುರು ಮಾತಾಡುವುದಿಲ್ಲ ಎಂಬುದು ಮಾಲೀಕರ ಲೆಕ್ಕಾಚಾರ. ಬಾಂಗ್ಲಾದೇಶದ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲೂ ಇದೇ ಲೆಕ್ಕ ನಡೆಯಿತು. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಹಿಂದಿನ ದಿನವೇ ಬಿರುಕು ಕಾಣಿಸಿಕೊಂಡು ಅದೇ ಕಟ್ಟಡದಲ್ಲಿದ್ದ ಬ್ಯಾಂಕು ತನ್ನ ನೌಕರರನ್ನು ಹೊರಗೆ ಕಳಿಸಿದ್ದರೂ, ಹೊಲಿಗೆಯವರಿಗೆ ಮಾತ್ರ ಮರುದಿನ ಬೆಳಿಗ್ಗೆ ಒಳಗೆ ಹೋಗುವಂತೆ ಅಪ್ಪಣೆಯಾಗಿತ್ತು. ಆದರೆ ಅಂಥ ಕಾರ್ಖಾನೆಗಳ ಕೂಲಿಯ ಬಲದಿಂದಲೇ ಆ ದೇಶದ ಅನೇಕ ಹುಡುಗಿಯರು ಮದುವೆಯನ್ನು ಮುಂದೂಡಿದರು, ಮನೆಯಲ್ಲಿ ಮಾತಾಡುವ ಸ್ಥಾನ ಪಡೆದರು ಎಂಬುದೂ ನಿಜ. ಇವೆರಡರಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವವರ ಮಾತನ್ನು ನಾನು ನಂಬುವುದಿಲ್ಲ.

ಕೂಲಿಯ ಕೆಲಸ ಹೀಗೆ ದೇಶದಿಂದ ದೇಶಕ್ಕೆ ಹರಿಯಿತು. ಮನೆಯೊಳಗಿನ ಕೆಲಸ ಮಾತ್ರ ಹೆಂಗಸಿನಿಂದ ಹೆಂಗಸಿಗೇ ದಾಟುತ್ತಿದೆ. ಹಾಂಗ್‌ಕಾಂಗ್‌ನ ತಾಯಿ ಕಚೇರಿಗೆ ಹೊರಟಾಗ ಅವಳ ಮಗುವನ್ನು ಎತ್ತಿಕೊಳ್ಳಲು ಫಿಲಿಪೀನ್ಸ್‌ನಿಂದ ಒಬ್ಬಳು ಬರುತ್ತಾಳೆ, ಇವಳು ಬಿಟ್ಟು ಬಂದ ಮಗುವನ್ನು ಅಲ್ಲಿ ಅಜ್ಜಿಯೋ ಚಿಕ್ಕಮ್ಮನೋ ಹಿರಿಯ ಮಗಳೋ ನೋಡಿಕೊಳ್ಳುತ್ತಾಳೆ. ಸಮಾಜಶಾಸ್ತ್ರಜ್ಞರು ಇದನ್ನು ಆರೈಕೆಯ ಜಾಗತಿಕ ಸರಪಳಿ ಎನ್ನುತ್ತಾರೆ. ಇಂಥ ಮನೆಗೆಲಸದವರಿಗೂ ವಾರಕ್ಕೊಂದು ದಿನದ ಬಿಡುವು ಹಕ್ಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಡಂಬಡಿಕೆ ಮಾಡಿಕೊಂಡದ್ದು 2011ರಷ್ಟು ತಡವಾಗಿ. ಸಂಬಳವಿಲ್ಲದ ಆರೈಕೆಯ ಕೆಲಸದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನದನ್ನು ಹೆಂಗಸರೇ ಮಾಡುತ್ತಾರೆಂದು ಅದೇ ಸಂಘಟನೆ 2018ರಲ್ಲಿ ಲೆಕ್ಕ ಕೊಟ್ಟಿತು. ನಿನ್ನ ತಾಯಿಯನ್ನು ಕರೆಸಿಕೊಂಡರೆ ನೀನೂ ಆ ಸರಪಳಿಗೆ ಒಂದು ಕೊಂಡಿ ಸೇರಿಸಿದಂತಾಗುತ್ತದೆ.

ಕಳೆದ ಸಲ ನಾನು ನಿಮ್ಮಲ್ಲಿದ್ದಾಗ, ರಾತ್ರಿ ಹನ್ನೊಂದಕ್ಕೆ ಅವಳು ಪರದೇಶದವರೊಂದಿಗೆ ಮೀಟಿಂಗಿನಲ್ಲಿದ್ದಳು. ಜ್ವರ ಬಂದ ಮಗುವನ್ನು ಹೆಗಲಿಗೆ ಹಾಕಿಕೊಂಡು ನೀನು ಬಾಗಿಲಲ್ಲಿ ನಿಂತು, ಔಷಧಿ ಎಷ್ಟು ಕೊಡಲಿ ಎಂದು ಕೇಳಿದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ ಐದು ಬೆರಳು ತೋರಿಸಿದಳು. ಮಗುವನ್ನು ಎತ್ತಿಕೊಂಡದ್ದು ನೀನೇ, ನಿಜ. ಆದರೆ ಜ್ವರ ಎಷ್ಟಿತ್ತು, ಹಿಂದಿನ ಸಲ ಔಷಧಿ ಕೊಟ್ಟದ್ದು ಯಾವಾಗ, ಮುಂದಿನದು ಯಾವಾಗ ಎಂಬುದೆಲ್ಲ ಅವಳ ತಲೆಯಲ್ಲಿತ್ತು. ನೆನಪಿಟ್ಟುಕೊಳ್ಳುವುದೂ ಕೆಲಸವೇ, ಮಗು. ನೀನು ಹೊರಬೇಕಾದದ್ದು ಅದನ್ನು.

1975ರ ಅಕ್ಟೋಬರ್ 24ರಂದು ಐಸ್‌ಲೆಂಡಿನ ಹತ್ತರಲ್ಲಿ ಒಂಬತ್ತು ಪಾಲು ಹೆಂಗಸರು ಕಚೇರಿಯ ಕೆಲಸವನ್ನೂ ಮನೆಯ ಕೆಲಸವನ್ನೂ ಬಿಟ್ಟು ಹೊರನಡೆದರು, ಅಪ್ಪಂದಿರು ಮಕ್ಕಳನ್ನು ಕಚೇರಿಗೆ ಕರೆದೊಯ್ಯಬೇಕಾಯಿತು. ಮರುವರ್ಷ ಅಲ್ಲಿ ಸಮಾನತೆಯ ಕಾನೂನು ಬಂತು, 1980ರಲ್ಲಿ ವಿಗ್ಡಿಸ್ ಫಿನ್‌ಬೊಗಾಡೋಟಿರ್ ದೇಶದ ಅಧ್ಯಕ್ಷೆಯಾದರು. ಆ ಅಪ್ಪಂದಿರಿಗೆ ಸಿಕ್ಕಿದ್ದು ಒಂದೇ ದಿನದ ಪಾಠ. ನಿನಗೆ ಆರು ತಿಂಗಳು ಸಿಗುತ್ತಿದೆ.

ಅತ್ತಿಗೆಗೆ ನಾನು ಏನನ್ನೂ ಹೇಳುವುದಿಲ್ಲ. ಮೊಮ್ಮಗುವನ್ನು ನೋಡುವ ಆಸೆಯಾದಾಗ ಅವರೇ ಬಂದು ನಾಲ್ಕು ದಿನ ನೆಂಟರಂತೆ ಇದ್ದು ಹೋಗಲಿ. ನೀನು ಬರುವ ಸೋಮವಾರವೇ ನಿನ್ನ ಮೇಲಧಿಕಾರಿಯನ್ನು ಕಂಡು, ಸಂಜೆ ಬೇಗ ಹೊರಡುವ ವಿಷಯವನ್ನೂ ರಜೆಯ ವಿಷಯವನ್ನೂ ಮಾತಾಡು. ಅವರು ಏನೆಂದರೆಂದು ನನಗೆ ಬರೆ.

ಇಂತು,
ನಿನ್ನ ಅತ್ತೆ